ಒಲೆ ಹಚ್ಚಬೇಡಿ

ಅದು ಶುರುವಾಗಿದ್ದು ಶಿವರಾತ್ರಿಗೆ ಇನ್ನೂ ಇಪ್ಪತ್ತು ದಿನ ಇರುವಾಗ, ಒಂದು ಬುಧವಾರ, ಬೆಳಿಗ್ಗೆ ಏಳು ಗಂಟೆಗೆ. ಚಳಿ ಪೂರ್ತಿ ಹೋಗಿರಲಿಲ್ಲ, ಬಿಸಿಲು ಪೂರ್ತಿ ಬಂದಿರಲಿಲ್ಲ. ಕರಿಯಣ್ಣ ಕೈಯಲ್ಲಿ ತಟ್ಟೆ ಹಿಡಿದು ಕೋಮಲಾಳ ಮನೆಯ ಹೊಸ್ತಿಲ ಮುಂದೆ ನಿಂತಿದ್ದ. ತಟ್ಟೆಯಲ್ಲಿ ಎಲೆ, ಅಡಿಕೆ, ಮಗಳ ಮದುವೆಯ ಕಾಗದ. ಹೇಳಬೇಕಾದ ಮಾತು ಎರಡೇ ಪದದ್ದು. ಮನೆಗೊಬ್ಬರು ಬನ್ನಿ. ಹೊರಡುವಾಗ ಮಗಳು ಭೂಮಿಕಾ ಅದನ್ನು ಎರಡು ಸಲ ಹೇಳಿಕೊಟ್ಟು ಕಳಿಸಿದ್ದಳು, ಇವನೇನು ಮೊದಲನೇ ಸಲ ಅಂಗಡಿಗೆ ಹೋಗುವ ಕೂಸೇನೋ ಎಂಬಂತೆ. ಅಜ್ಜಂಪುರದ ಅಂಚಿನ ಈ ಕೇರಿಯಲ್ಲಿ ಮದುವೆಗೆ ಕರೆಯುವುದು ಎರಡು ಥರ. ಮನೆಗೊಬ್ಬರು ಎಂದರೆ ಒಬ್ಬರು ಬಂದು ಹರಸಿ, ಉಂಡು ಹೋಗುವುದು. ಮಿಕ್ಕವರು ಮನೆಯಲ್ಲೇ ಬೇಯಿಸಿಕೊಳ್ಳುವುದು. ಒಲೆ ಹಚ್ಚಬೇಡಿ ಎಂದರೆ ಮುದುಕರಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಇಡೀ ಮನೆ ಮದುವೆಗೆ ಬರುವುದು, ಅವತ್ತು ಆ ಮನೆಯ ಮಾಡಿನಿಂದ ಹೊಗೆ ಏಳಕೂಡದು. ಮೊದಲನೆಯದು ಕೈಲಾಗದವರ ಕರೆ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಆದರೆ ಯಾರೂ ಮರೆಯುವುದೂ ಇಲ್ಲ.

ಕೋಮಲಾ ಅಂಗಳದ ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತೊಳೆಯುತ್ತಿದ್ದಳು. ಭೂಮಿಕಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಈ ಕೇರಿಗೆ ಸೊಸೆಯಾಗಿ ಬಂದವಳು. "ಬನ್ನಿ ಮಾವ, ಒಳಗ್ ಬನ್ನಿ. ಮದುವಣಗಿತ್ತಿ ಅಪ್ಪ ಬೀದೀಲಿ ನಿಂತ್ಕೊಂಡ್ರೆ ಹೆಂಗೆ," ಎಂದಳು. ಅವಳ ಕೈಯಲ್ಲಿ ಒಂದು ಸ್ಟೀಲಿನ ಪಾತ್ರೆ ಇತ್ತು. ಕಂಠದ ಹತ್ತಿರ ಒಂದು ಕಡೆ ತಗ್ಗು ಬಿದ್ದಿತ್ತು. ಆ ತಗ್ಗನ್ನು ಕರಿಯಣ್ಣ ಬಲ್ಲ. ಆರು ವರ್ಷದ ಹಿಂದೆ ಹೆಂಡತಿ ಹೋದಾಗ ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಮೂರು ದಿನ ಕೇರಿಯವರು ಸರದಿಯ ಮೇಲೆ ಅನ್ನ ಕಳಿಸಿದ್ದರು. ಮೊದಲ ದಿನದ ಅನ್ನ ಬಂದಿದ್ದು ಈ ಪಾತ್ರೆಯಲ್ಲಿ. ಅವತ್ತು ಅವನಿಗೆ ಹಸಿವೆಯಾಗಿತ್ತು. ಹೆಂಡತಿಯನ್ನು ಮಣ್ಣಿಗಿಟ್ಟು ಬಂದ ಮಧ್ಯಾಹ್ನವೇ ಹೊಟ್ಟೆ ಹಾಗೆ ಕೂಗಿಕೊಂಡಿದ್ದಕ್ಕೆ ನಾಚಿಕೆಪಟ್ಟು, ಯಾರ ಮುಖವನ್ನೂ ನೋಡದೆ, ಆ ತಗ್ಗನ್ನೇ ನೋಡುತ್ತ ಎರಡು ಸಲ ಬಡಿಸಿಕೊಂಡು ಉಂಡಿದ್ದ. ಈಗ ಆ ಪಾತ್ರೆಯಿಂದ ನೀರು ಬಳಬಳ ಸುರಿದು ಖಾಲಿಯಾಯಿತು. ಕೋಮಲಾ ಸೆರಗಿಗೆ ಕೈ ಒರೆಸಿಕೊಂಡು ತಟ್ಟೆಗೆ ಕೈ ಚಾಚಿದಳು. ಯಾರೋ ಹಿಂದಿನಿಂದ ಮಾತಾಡಿದ ಹಾಗೆ ಕರಿಯಣ್ಣನಿಗೆ ತನ್ನದೇ ದನಿ ಕೇಳಿಸಿತು: "ಭಾನುವಾರ ಒಲೆ ಹಚ್ಚಬೇಡ ಕಣಮ್ಮ."

ಕೋಮಲಾಳ ಮುಖ ಅರಳಿತು. ಆ ಅರಳುವುದನ್ನು ಕಂಡೇ ಅವನಿಗೆ ಭಯವಾಗಿದ್ದು. ಬಾಯಿ ತೆರೆದು ಏನೋ ಸೇರಿಸಬೇಕು ಅನ್ನುವಷ್ಟರಲ್ಲಿ ಪಕ್ಕದ ಗೋಡೆಯ ಮೇಲಿಂದ ದುರುಗಮ್ಮನ ತಲೆ ಕಾಣಿಸಿತು. ಕೇರಿಯ ಅತಿ ಹಿರಿಯ ಹೆಂಗಸು ಅವಳೇ. ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. "ನಮಗೂ ಅಂಗೇ ತಾನೇ ಕರಿಯಣ್ಣ? ಇಲ್ಲ, ಚೆಂದದ ಸೊಸೇರು ಇರೋ ಮನೆಗೆ ಮಾತ್ರನೋ?" "ನಿಮಗೂ ಅಂಗೇ ದುರುಗಕ್ಕ." ಅಲ್ಲಿಗೆ ಮುಗಿಯಿತು. ಒಂದು ಮನೆಗೆ ಒಂದು ಥರ, ಇನ್ನೊಂದು ಮನೆಗೆ ಇನ್ನೊಂದು ಥರ ಕರೆದವನು ಕೇರಿಯಲ್ಲಿ ಬಾಳಲಾರ. ಮೂವತ್ತು ವರ್ಷ ಅಮೃತ ಮಹಲ್ ಕಾವಲಿನಲ್ಲಿ ದಿನಗೂಲಿಗೆ ದನ ಕಾದವನು ಅವನು. ಒಂದು ಹಸುವನ್ನು ಕರೆದರೆ ಹಿಂಡೇ ಕತ್ತೆತ್ತಿ ತಿರುಗುತ್ತಿತ್ತು. ಕರೆದಿದ್ದು ನಿನ್ನನ್ನಲ್ಲ ಎಂದು ದನಕ್ಕೆ ಹೇಳುವುದು ಹೇಗೆ. ಹತ್ತು ಗಂಟೆಯ ಹೊತ್ತಿಗೆ ನಲವತ್ತೆರಡು ಮನೆಯ ಹೊಸ್ತಿಲಲ್ಲೂ ಅದೇ ಮಾತು ಹೇಳಿ ಮುಗಿಸಿದ್ದ. ಪ್ರತಿ ಮನೆಯಲ್ಲೂ ಆ ಮುಖ ಅರಳುವುದು, ಪ್ರತಿ ಮನೆಯಲ್ಲೂ ಇವನಿಗೆ ಅದೇ ಭಯ. ನಡುವೆ ಎಲ್ಲೋ, ಇಪ್ಪತ್ತೋ ಇಪ್ಪತ್ತೊಂದನೆಯದೋ ಮನೆಯಲ್ಲಿ, ತನಗೆ ಅದು ಹಿತವಾಗಿಯೂ ಇದೆ ಎಂದು ಹೊಳೆದು ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

ಮನೆಯಲ್ಲಿ ಭೂಮಿಕಾ ಸೀರೆಗಳ ನಡುವೆ ಕೂತಿದ್ದಳು. ತರೀಕೆರೆಯ ಟೈಲರ್ ಅಂಗಡಿಯೊಂದರಲ್ಲಿ ಎಂಟು ವರ್ಷದಿಂದ ಬ್ಲೌಸು ಹೊಲಿಯುವವಳು. ಮದುವೆಗೆಂದು ಕೂಡಿಟ್ಟಿದ್ದು ಎಂಬತ್ತು ಸಾವಿರ, ಅದರಾಚೆ ಒಂದು ಪೈಸೆ ಯಾರ ಹತ್ತಿರವೂ ಎತ್ತಕೂಡದು ಎಂದು ಮೊದಲೇ ಹೇಳಿಬಿಟ್ಟಿದ್ದಳು. ಕಡೂರಿನ ಹುಡುಗ ವಿಜಯ್, ಮೋಟರು ರಿಪೇರಿಯವನು, ಅದಕ್ಕೆ ಒಪ್ಪಿದ್ದ. ಛತ್ರ ಇಲ್ಲ, ಕೇರಿಯ ಸಮುದಾಯ ಭವನ. ಬ್ಯಾಂಡಿಲ್ಲ, ಒಡವೆ ಇಲ್ಲ. ಬುದ್ಧನ ಪಟದ ಮುಂದೆ ಬಿಳಿ ಸೀರೆ, ಬಿಳಿ ಅಂಗಿ. ಫೋಟೋ ಅಮೃತಾಪುರದ ಗುಡಿಯ ಅಂಗಳದಲ್ಲಿ, ಅಲ್ಲಿ ಬೆಳಕು ಚೆನ್ನಾಗಿರುತ್ತೆ, ಅದಕ್ಕೆ ದುಡ್ಡೂ ಕೊಡಬೇಕಿಲ್ಲ. ಹೂವಿನ ಮಂಟಪಕ್ಕೆ ಇಪ್ಪತ್ತೈದು ಸಾವಿರ ಕೇಳಿದರು ಅಂತ ಅವಳು ಬೇರೆ ದಾರಿ ಹುಡುಕಿದ್ದಳು: ಕೇರಿಯ ಪ್ರತಿ ಮನೆಯಿಂದ ಆ ಮನೆಯ ಹೆಂಗಸು ಧಾರೆಗೆ ಉಟ್ಟ ಸೀರೆಯನ್ನು ಇಸಕೊಂಡು ಬಂದು, ಪಿನ್ನು ಚುಚ್ಚದೆ, ನೂಲು ಎಳೆಯದೆ, ಭವನದ ಗೋಡೆ ತುಂಬ ಇಳಿಬಿಡುವುದು. ಇದಕ್ಕೆ ಖರ್ಚು ಹಗ್ಗದ್ದು ಮಾತ್ರ. ಊಟಕ್ಕೆ ಮಾತ್ರ ನೂರೈವತ್ತು ಎಲೆ, ಅದು ದಾಟಿದರೆ ಲೆಕ್ಕವೇ ಮುರಿದುಬೀಳುತ್ತೆ. ಬೀಗರ ಕಡೆ ಅರವತ್ತು, ನೆಂಟರು ನಲವತ್ತು, ಕೇರಿಯಿಂದ ಮನೆಗೊಬ್ಬರು. ಅವಳು ತಲೆ ಎತ್ತದೆ ಕೇಳಿದಳು: "ಅಪ್ಪಾ, ಮನೆಗೊಬ್ಬರು ಅಂತ ಹೇಳ್ದೆ ತಾನೇ?" ಕರಿಯಣ್ಣ ತಟ್ಟೆಯನ್ನು ಗೂಡಿನಲ್ಲಿಟ್ಟು "ಹ್ಞೂಂ" ಎಂದ. "ಯಾರಾದ್ರೂ ಬೇಜಾರು ಮಾಡ್ಕೊಂಡ್ರಾ?" "ಇಲ್ಲ." ಎರಡನೆಯದಾದರೂ ನಿಜವಿತ್ತು.

ಮಧ್ಯಾಹ್ನ ಅವನು ಜಗಲಿಯ ಮೇಲೆ ಕೂತು ಬೀದಿಯನ್ನು ನೋಡಿದ. ಇನ್ನೂರಿಪ್ಪತ್ತು ಜನ ಇದ್ದಾರು ಕೇರಿಯಲ್ಲಿ; ಬೀಗರೂ ನೆಂಟರೂ ಸೇರಿದರೆ ಮುನ್ನೂರ ಇಪ್ಪತ್ತು. ನೂರೈವತ್ತು ಎಲೆ. ಎರಡನೇ ಪಂಕ್ತಿಯ ನಡುವೆ ಅನ್ನದ ಬಕೆಟ್ಟಿನ ತಳಕ್ಕೆ ಸೌಟು ಬಡಿಯುವ ಸದ್ದು ಅವನಿಗೆ ಈಗಲೇ ಕೇಳಿಸುತ್ತಿತ್ತು. ಆ ಸದ್ದು ಅವನಿಗೆ ಹೊಸದಲ್ಲ. ಅಕ್ಕ ಓಬಮ್ಮನ ಮದುವೆಯಲ್ಲಿ ಅದು ಸೌಟಲ್ಲ, ತೆಂಗಿನ ಕರಟಕ್ಕೆ ಹಿಡಿ ಹಾಕಿದ್ದು, ಹಂಡೆ ಮಣ್ಣಿನದು. ಅಕ್ಕನಿಗೆ ಹದಿನಾರು, ಇವನಿಗೆ ಹನ್ನೊಂದು. ಅಕ್ಕಿ ಕಣ್ಣಿಗೆ ಕಾಣದ ಕಾಲ. ಅಪ್ಪ ಎಲ್ಲೆಲ್ಲಿಯೋ ಕಾಡಿ ಹತ್ತು ಸೇರು ತಂದಿಟ್ಟು, ಅದು ಬೀಗರಿಗೆ, ಕೇರಿಯವರಿಗೆ ಮುದ್ದೆ, ಅದೂ ಮನೆಗೊಬ್ಬರು, ಅಂತ ಹೇಳಿ, ತನಗೆ ಕಾಲು ನೋವೆಂದು ಮಗನನ್ನು ಕರೆಯಲು ಕಳಿಸಿದ್ದ. ತಟ್ಟೆ ಹಿಡಿದು ಮನೆ ಮನೆಗೆ ಹೋಗುವುದು ದೊಡ್ಡವರ ಕೆಲಸ. ಊರೊಳಗಿನವರು ತಮ್ಮ ಮದುವೆಗೆ ಈ ಕೇರಿಯವರನ್ನು ಕರೆಯುತ್ತಿದ್ದದ್ದು ಬೀದಿಯ ತುದಿಯಲ್ಲಿ ನಿಂತು ಒಂದು ಕೂಗು ಹಾಕಿ. ಉಣ್ಣುತ್ತಿದ್ದದ್ದು ಹಿತ್ತಲಲ್ಲಿ, ತಮ್ಮ ತಟ್ಟೆ ತಾವೇ ಒಯ್ದು, ಎಲ್ಲರದೂ ಆದ ಮೇಲೆ. ಆದರೆ ಅವರು ಅವರವರಲ್ಲಿ ಹೊಸ್ತಿಲಲ್ಲಿ ನಿಂತು, ಎದೆ ಉಬ್ಬಿಸಿ, ಒಲೆ ಹಚ್ಚಬೇಡಿ ಅನ್ನುತ್ತಿದ್ದದ್ದನ್ನು ಇವನು ಕೊಟ್ಟಿಗೆಯ ಮರೆಯಿಂದ ಕೇಳಿದ್ದ. ಹನ್ನೊಂದು ವರ್ಷದ ಕರಿಯ ಮೊದಲ ಮನೆಯಲ್ಲಿ ಎದೆ ಉಬ್ಬಿಸಿ ಅದನ್ನೇ ಹೇಳಿದ. ಆ ಮನೆಯ ಮುದುಕಿ ಅವನ ಕೆನ್ನೆ ಸವರಿದಳು. ಮುಂದಿನ ಮನೆಯಲ್ಲೂ ಹೇಳಿದ.

ಅಕ್ಕನ ಮದುವೆಯ ದಿನ ಕೇರಿಯ ಯಾವ ಮಾಡಿನಿಂದಲೂ ಹೊಗೆ ಏಳಲಿಲ್ಲ. ಅಪ್ಪ ಮೊದಲು ಆಕಾಶ ನೋಡಿದ, ಆಮೇಲೆ ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಿದ್ದ ಜನವನ್ನು ನೋಡಿದ. ಮುದ್ದೆ ಮುಗಿದು ಅಕ್ಕಿಗೆ ಕೈ ಹಾಕಬೇಕಾಯಿತು, ಅಕ್ಕಿಯೂ ಮುಗಿಯಿತು. ಹಿರೇನಲ್ಲೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಬೀಗರಲ್ಲಿ ಗಂಡಿನ ಚಿಕ್ಕಪ್ಪ ತನ್ನ ಖಾಲಿ ಎಲೆಯನ್ನು ನಾಲ್ಕು ಮಡಿಕೆ ಮಡಚಿ ಅಪ್ಪನ ಕೈಗೆ ಕೊಟ್ಟು ಗಾಡಿ ಹತ್ತಿದ. ಓಬಮ್ಮನಿಗೆ ಅತ್ತೆಮನೆಯಲ್ಲಿ ಅರೆಹೊಟ್ಟೆ ಮದುವೆಯವಳು ಅಂತಲೇ ಹೆಸರು ಬಿತ್ತು. ಅವಳ ಅತ್ತೆ ಸಾಯುವ ತನಕ, ಊಟಕ್ಕೆ ಬಡಿಸುವಾಗೆಲ್ಲ, ಅದನ್ನೇ ಅಂದಳಂತೆ. ಅಪ್ಪ ಕೇರಿಯವರೇ ಬೇಕೆಂದು ಮಾಡಿದರು ಎಂದುಕೊಂಡ. ಯಾರನ್ನೂ ಕೇಳಲಿಲ್ಲ. ಬಾಯಿಬಿಟ್ಟು ಕೇಳಿದ್ದರೆ ಹತ್ತು ಮಾತಿನಲ್ಲಿ ಇತ್ಯರ್ಥವಾಗುತ್ತಿತ್ತು. ಹದಿನಾಲ್ಕು ವರ್ಷ, ಸಾಯುವ ತನಕ, ಅವನು ಕೇರಿಯ ಯಾವ ಮದುವೆಯಲ್ಲೂ ಉಣ್ಣಲಿಲ್ಲ. ಕರಿಯಣ್ಣ ಅದನ್ನು ನೋಡುತ್ತಲೇ ಬೆಳೆದ, ತಾನು ಅಂದದ್ದನ್ನು ಹೆಂಡತಿಗೂ ಹೇಳಲಿಲ್ಲ. ಈಗ ಎಪ್ಪತ್ತಾಯಿತು. ಎಪ್ಪತ್ತರ ಬಾಯಿಗೂ ಹನ್ನೊಂದರ ಬಾಯಿಗೂ ಏನು ವ್ಯತ್ಯಾಸ ಬಂತು ಎಂದು ಅವನು ಕೂತಲ್ಲೇ ಕೂತು ಯೋಚಿಸಿದ. ಅವತ್ತು ಕರೆದಿದ್ದು ಜಂಬಕ್ಕೆ, ಇವತ್ತು ಕರೆದಿದ್ದು ಋಣಕ್ಕೆ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಆ ಇಪ್ಪತ್ತನೇ ಮನೆಯ ಹಿತವನ್ನು ಏನೆಂದು ಕರೆಯುವುದು.

ಗುರುವಾರ ಅಡುಗೆಯ ತಿಪ್ಪೇಶ ಬಂದ. ಇದೇ ಕೇರಿಯಲ್ಲಿ ಹುಟ್ಟಿ, ಈಗ ತರೀಕೆರೆಯಲ್ಲಿ ಮನೆ ಮಾಡಿಕೊಂಡವನು. ಸೀಮೆಯ ಮದುವೆಗಳಿಗೆಲ್ಲ ಬೇಯಿಸಿ ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. "ದೊಡ್ಡಪ್ಪ, ಎಲೆ ನೂರೈವತ್ತೇ ತಾನೇ? ನಾಳೆ ಸಾಮಾನು ತರ್ತೀನಿ." ಭೂಮಿಕಾ ಒಳಗೆ ಮಿಷನ್ ತುಳಿಯುತ್ತಿದ್ದಳು, ಸದ್ದು ಬರುತ್ತಿತ್ತು. ಕರಿಯಣ್ಣ ದನಿ ಇಳಿಸಿ, "ಒಂಚೂರು ಜಾಸ್ತಿನೇ ಹಾಕು" ಎಂದ. "ಒಂಚೂರು ಅಂದ್ರೆ?" "ಒಂಚೂರು." ತಿಪ್ಪೇಶ ನಕ್ಕ. "ನಮ್ಮ ಹಂಡೆಗೆ ಒಂಚೂರು ಅನ್ನೋ ಭಾಷೆ ತಿಳಿಯಲ್ಲ ದೊಡ್ಡಪ್ಪ. ಹತ್ತು ಎಲೆನೋ ಇಪ್ಪತ್ತು ಎಲೆನೋ ಹೇಳು. ಭೂಮಿ ಆಗ್ಲೇ ಚೀಟಿ ಬರ್ದು ಕೊಟ್ಟೌಳೆ, ಅದರ ಮೇಲೆ ಒಂದು ಹಸಿಮೆಣಸಿನಕಾಯಿ ತಂದ್ರೂ ನನ್ನ ತಲೆ ಮೇಲೆ ಇನ್ನ ಉಳಿದಿರೋ ನಾಲ್ಕು ಕೂದಲೂ ಇರಲ್ಲ." ಮಿಷನ್ ನಿಂತಿತು. "ಏನಂತೆ ತಿಪ್ಪೇಶಣ್ಣ?" ಎಂದು ಒಳಗಿಂದ ಕೇಳಿದಳು. ಕರಿಯಣ್ಣ ತಾನೇ, "ಏನಿಲ್ಲ, ನೂರೈವತ್ತೇ" ಎಂದ. ಮಿಷನ್ ಮತ್ತೆ ಶುರುವಾಯಿತು. ಮಿಷನ್ ಓಡುವಾಗ ನಿಜದ ಹತ್ತಿರ ಹೋದವನು, ಅವಳು ಕೇಳಿಸಿಕೊಳ್ಳಲೆಂದು ಅದನ್ನು ನಿಲ್ಲಿಸಿದಾಗ ಸುಳ್ಳು ಹೇಳಿದ್ದ, ಎಲ್ಲ ತಿರುಗುಮುರುಗಾಗಿತ್ತು.

ಅದೇ ಸಂಜೆ ಹಿರೇನಲ್ಲೂರಿನಿಂದ ಓಬಮ್ಮ ಬಂದಳು. ಕಡೂರಿನಲ್ಲಿ ಬಸ್ಸು ಬದಲಿಸಿ, ಒಬ್ಬಳೇ, ಎಪ್ಪತ್ತೈದರಲ್ಲಿ. ಕಂಕುಳಲ್ಲಿ ಒಂದು ಗಂಟು. ಗಂಟಿನಲ್ಲಿ ಅವಳ ಧಾರೆ ಸೀರೆ: ಅರಿಶಿನ ಬಣ್ಣದ ದಪ್ಪ ನೂಲಿನದು, ಅಂಚು ಸವೆದು ಬಲೆಯಾಗಿತ್ತು. ಭೂಮಿಕಾ ಅದನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು, "ಅತ್ತೆ, ಇದು ನಡುಮಧ್ಯಕ್ಕೆ" ಎಂದಳು. "ಹರಿದು ಹೋಯ್ತದೆ ಕಣೇ, ಹುಷಾರು. ಅದೊಂದೇ ನನ್ನ ಮದುವೇಲಿ ಸಾಲದೆ ಬರದೆ ಇದ್ದದ್ದು." ಹೇಳಿ ಓಬಮ್ಮ ನಕ್ಕಳು. ಕರಿಯಣ್ಣ ಎದ್ದು ನೀರು ಕುಡಿಯಲು ಹೋದ.

ಶುಕ್ರವಾರ ಬೆಳಿಗ್ಗೆ ಅವನ ಮುಂದೆ ಇಟ್ಟ ರೊಟ್ಟಿ ಆರಿಹೋಗಿತ್ತು. ಓಬಮ್ಮ ಎದುರು ಗೋಡೆಗೆ ಒರಗಿ ಕಾಲು ಚಾಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಯಾಕೋ ಉಣ್ಣಲ್ಲ?" "ಸೇರಲ್ಲ ಅಕ್ಕ." "ಮಗಳು ಹೋಯ್ತಾಳೆ ಅಂತನೋ?" "ಅದೂ ಒಂದು." "ಇನ್ನೊಂದೇನು?" ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಓಬಮ್ಮ ಎಲೆ ಮಡಚಿದಳು, ಬಾಯಿಗೆ ಹಾಕಿಕೊಳ್ಳಲಿಲ್ಲ. "ಕೇರಿನ ಕರೆಯೋಕೆ ನೀನೇ ಹೋಗಿದ್ದಂತೆ." "ಹ್ಞೂಂ." "ಏನಂತ ಕರೆದೆ?" ಅವಳ ಕಣ್ಣು ಅವನ ಮೇಲಿತ್ತು. ಇಷ್ಟು ವರ್ಷವೂ ಅವಳ ಕಣ್ಣು ಹೀಗೆಯೇ ತನ್ನ ಮೇಲಿತ್ತೋ, ತಾನೇ ನೋಡಿರಲಿಲ್ಲವೋ ಎಂದು ಅವನಿಗೆ ಅನಿಸಿತು. "ಮನೆಗೊಬ್ಬರು ಅಂತ," ಎಂದ. ಓಬಮ್ಮ ಎಲೆ ಬಾಯಿಗಿಟ್ಟು, ಗೋಡೆ ಹಿಡಿದು ಎದ್ದಳು. "ಸರಿ. ಹುಟ್ಟಿದ ಕೇರಿ. ಎಲ್ಲಾರ್ನೂ ಒಂದಪ ಮಾತಾಡಿಸ್ಕಂಡು ಬತ್ತೀನಿ." ಸಂಜೆ ತನಕ ಬರಲಿಲ್ಲ. ಬಂದಾಗ ತುಟಿ ಕೆಂಪಾಗಿತ್ತು, ಕಾಲು ಊದಿತ್ತು. ಬಂದವಳೇ ಮಲಗಿದಳು.

ಶನಿವಾರ ಕರಿಯಣ್ಣ ಮತ್ತೆ ಕೇರಿಗೆ ಇಳಿದ. ಈ ಸಲ ತಟ್ಟೆ ಇರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಹಿಂದಕ್ಕೆ ಕಟ್ಟಿಕೊಂಡಿದ್ದ. ಕರೆದವನು ಬಾಗಿಲಿಗೆ ಬಂದು ಕರೆದದ್ದನ್ನು ವಾಪಸು ತಗೊಂಡ ಎಂಬ ಮಾತನ್ನು ಅವನು ಯಾರ ಬಾಯಲ್ಲೂ ಕೇಳಿರಲಿಲ್ಲ. ಏನೆನ್ನುವುದು. ನಾಳೆ ಒಲೆ ಹಚ್ಚಿಕೊಳ್ಳಿ ಎಂದೇ? ಕೇರಿಯ ಆ ತುದಿಯ ಮನೆಯಿಂದ ಶುರುಮಾಡಿದ. ಅಲ್ಲಿ ಕಾಫಿ ಕೊಟ್ಟರು, ಕುಡಿದು ಎದ್ದ. ಮುಂದಿನ ಮನೆಯಲ್ಲಿ ಮಗುವಿಗೆ ಜ್ವರ, ಕೇಳಿಕೊಂಡು ಎದ್ದ. ಮೂರನೇ ಮನೆಯಲ್ಲಿ ಎಲ್ಲರೂ ಅವನು ಏನೋ ಹೇಳಲಿ ಎಂಬಂತೆ ಸುಮ್ಮನೆ ನಿಂತರು, ಅವನು ಹವಾ ಬಿಸಿಯಾಗುತ್ತಿದೆ ಎಂದ. ಅವರು ಹೌದು ಎಂದರು. ಯಾಕೋ ಬುಧವಾರದ ಮುಖಗಳು ಇವತ್ತಿರಲಿಲ್ಲ. ತನ್ನ ತಪ್ಪು ತನ್ನ ಹಣೆಯ ಮೇಲೇ ಬರೆದಿದೆ, ಎಲ್ಲರೂ ಓದುತ್ತಿದ್ದಾರೆ, ಓದಲು ಬಾರದವನು ತಾನೊಬ್ಬನೇ ಎಂದು ಅವನಿಗೆ ತೋರಿತು. ದುರುಗಮ್ಮನ ಮನೆಯ ಹೊತ್ತಿಗೆ ಐದು ಕಾಫಿ ಆಗಿತ್ತು. ಅವಳು ಹೊಸ್ತಿಲ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. "ನನ್ನ ಸೀರೆ ನಿಮ್ಮ ಹುಡುಗಿ ತಗಂಡು ಹೋದ್ಲು. ಕುಂಕುಮದ ಬಣ್ಣದ್ದು. ಕೇರಿ ಸೀರೆ ಎಲ್ಲಾ ಹೋಯ್ತವೆ ಮದುವೆಗೆ. ಸೀರೆಗೆ ಹೊಟ್ಟೆ ಇಲ್ಲ, ಅದೊಂದು ಒಳ್ಳೇದು," ಎಂದಳು. ಕರಿಯಣ್ಣ ಬಾಯಿ ತೆರೆದ. "ದುರುಗಕ್ಕ, ನಾಳೆ..." "ಏನೂ ಹೇಳ್ಬೇಡ ಕರಿಯಣ್ಣ. ಮದುವೆ ಚೆಂದಾಗಿ ಆಗ್ಲಿ. ಹೋಗು." ಅವನು ಹೋದ. ಇನ್ನೂ ಮೂವತ್ತು ಮನೆ ಉಳಿದಿದ್ದವು.

ಭಾನುವಾರ ಆರು ಗಂಟೆಗೆ ಭೂಮಿಕಾ ಕೋಮಲಾಳ ಜೊತೆ ಭವನಕ್ಕೆ ಹೋದಳು, ಕೊನೆಯ ಸೀರೆ ಕಟ್ಟಲು. ಕರಿಯಣ್ಣ ಬೀದಿಗೆ ಬಂದು ಮಾಡುಗಳ ಮೇಲೆ ನೋಡಿದ. ನೋಡಿ, ತನ್ನ ಮಂಕುತನಕ್ಕೆ ತಾನೇ ಸುಸ್ತಾದ. ಈಗ ಯಾರ ಮನೆಯಲ್ಲಿ ಹೊಗೆ. ಎಲ್ಲರದೂ ಗ್ಯಾಸು. ಅಪ್ಪ ಆಕಾಶ ನೋಡಿ ತಿಳಿದುಕೊಂಡದ್ದನ್ನು ತಾನು ಕಿವಿಯಲ್ಲಿ ತಿಳಿಯಬೇಕು. ಅವನು ನಿಧಾನಕ್ಕೆ ನಡೆದ, ನಡುವೆ ನಿಂತ, ಚಪ್ಪಲಿ ಸರಿಮಾಡುವವನ ಹಾಗೆ ಬಗ್ಗಿದ. ನಾಯಿ ಹಿಂದೆ ಬಂತು. ನಲ್ಲಿಕಟ್ಟೆಯ ಹತ್ತಿರ ಬಂದಾಗ ಎಡಗಡೆಯ ಮನೆಯಿಂದ ಕುಕ್ಕರು ಒಂದು ವಿಷಲ್ ಹಾಕಿತು. ಅವನು ನಿಂತ. ಗಂಜಿ ಕುಡಿಯುವ ಕೂಸಿದೆ ಆ ಮನೆಯಲ್ಲಿ, ಅದಕ್ಕಿರಬೇಕು ಎಂದುಕೊಂಡ. ಅಷ್ಟರಲ್ಲಿ ಬಲಗಡೆ ಇನ್ನೊಂದು. ಹಿಂದೆ ಇನ್ನೊಂದು. ದೂರದಲ್ಲಿ ಎರಡು ಒಟ್ಟಿಗೆ. ಒಗ್ಗರಣೆಯ ಘಾಟು ಬೀದಿಗೆ ಬಂತು. ಕೇರಿಗೆ ಕೇರಿಯೇ ಒಲೆ ಹಚ್ಚಿತ್ತು. ಕರಿಯಣ್ಣ ನಲ್ಲಿಕಟ್ಟೆಯ ಮೇಲೆ ಕೂತ. ನಲವತ್ತೆರಡು ಮನೆಯಲ್ಲಿ ಎಷ್ಟು ವಿಷಲ್ ಆಯಿತೆಂದು ಲೆಕ್ಕವಿಡಲು ಹೋಗಿ, ಎಲ್ಲೋ ತಪ್ಪಿ, ಬಿಟ್ಟುಬಿಟ್ಟ. ಕೋಮಲಾ ಹಗ್ಗ ತರಲೆಂದು ಭವನದಿಂದ ಓಡಿಬರುತ್ತಿದ್ದವಳು ಅವನನ್ನು ಕಂಡು ನಿಂತಳು. ಇವನು ಕೇಳಲಿಲ್ಲ, ಅವಳೇ ಹೇಳಿದಳು. "ಓಬಜ್ಜಿ ಶುಕ್ರವಾರ ಬಂದು ಹೇಳೋಗಿದ್ರಲ್ಲ ಮಾವ. ಮನೆಗೊಬ್ಬರೇ ಬನ್ನಿ, ನನ್ನ ತಮ್ಮನಿಗೆ ಬಾಯಿ ಬರಲಿಲ್ಲ, ಅವನ ಮೇಲೆ ಬೇಜಾರು ಮಾಡ್ಕೋಬೇಡಿ ಅಂತ. ಭೂಮಿಗೆ ಹೇಳ್ಬೇಡಿ ಅಂತಾನೂ ಅಂದ್ರು." "ನಮ್ಮನೇಲೂ ಅತ್ತೆ ಅನ್ನಕ್ಕಿಟ್ಟೌರೆ. ನಾನೊಬ್ಳೇ ಬರೋದು," ಎಂದು ಸೇರಿಸಿ ಹೋದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಇವನಿಗೆ ಏನಾದರೂ ಹಿಡಿದುಕೊಳ್ಳಲು ಸಿಗುತ್ತಿತ್ತು.

ಭವನ ಚೆಂದವಾಗಿತ್ತು. ಸುಣ್ಣ ಉದುರಿದ ಗೋಡೆ ಎಲ್ಲೂ ಕಾಣುತ್ತಿರಲಿಲ್ಲ. ಕಿಟಕಿಯಿಂದ ಬಂದ ಗಾಳಿಗೆ ಸೀರೆಗಳು ಒಟ್ಟಿಗೆ ಉಸಿರೆಳೆದು ಬಿಟ್ಟಂತೆ ಅಲುಗುತ್ತಿದ್ದವು: ಕೋಮಲಾಳ ಗಿಳಿಹಸಿರು, ದುರುಗಮ್ಮನ ಕುಂಕುಮ, ಇವನ ಹೆಂಡತಿಯ ನೇರಳೆ. ಬುದ್ಧನ ಪಟದ ಹಿಂದೆ ಓಬಮ್ಮನ ಸವೆದ ಅರಿಶಿನ. ಅದರ ತೂತುಗಳಲ್ಲಿ ಬಿಸಿಲು ಸಣ್ಣ ಸಣ್ಣ ಕಾಳಿನಂತೆ ತೂರಿ ಬರುತ್ತಿತ್ತು. ತರೀಕೆರೆಯಿಂದ ಬಂದ ಹಿರಿಯರೊಬ್ಬರು ಮೂರು ಸಲ ಶರಣು ಹೇಳಿಸಿದರು. ಅಕ್ಕಿಯ ಬದಲು ಚೆಂಡು ಹೂವಿನ ಎಸಳು ಎರಚಿದರು, ಅಕ್ಕಿ ತಿನ್ನೋದು ಎಂದು ಭೂಮಿಕಾ ಮೊದಲೇ ಹೇಳಿದ್ದಳು. ಅವಳು ನಗುತ್ತಿದ್ದಳು, ತಾನು ಅಂದುಕೊಂಡದ್ದೆಲ್ಲ ಅಂದುಕೊಂಡಷ್ಟರಲ್ಲೇ ಆಯಿತಲ್ಲ ಎಂಬ ನಗು, ಹೊಲಿಗೆ ಎಲ್ಲೂ ತಪ್ಪದೆ ಬಂದಾಗ ನಗುವ ಹಾಗೆ. ಆದರೆ ಕುರ್ಚಿಗಳು ಖಾಲಿ ಇದ್ದವು. ಕೇರಿಯಿಂದ ಹತ್ತೊಂಬತ್ತು ಜನ ಬಂದಿದ್ದರು. ಮಿಕ್ಕ ಮನೆಗಳಿಂದ ಯಾರೂ ಬರಲಿಲ್ಲ. ಒಲೆ ಹಚ್ಚಬೇಡಿ ಎಂದು ಕರೆಸಿಕೊಂಡು, ಆಮೇಲೆ ಮನೆಗೊಬ್ಬರಾದವರಲ್ಲಿ, ಆ ಒಬ್ಬರು ಯಾರಾಗಬೇಕೆಂದು ಮನೆಯಲ್ಲಿ ತೀರ್ಮಾನವಾಗದೇ ಹೋಯಿತೋ ಏನೋ. ಅವರ ಸೀರೆಗಳು ಮಾತ್ರ ಬಂದು ಗೋಡೆ ಹಿಡಿದು ನಿಂತಿದ್ದವು. ವಿಜಯನ ಅಪ್ಪ ಪಕ್ಕಕ್ಕೆ ಬಂದು, ಹಲ್ಲು ಬಿಟ್ಟು, "ಜನ ಕಮ್ಮಿಯಾಯ್ತಲ್ಲ ಬೀಗರೇ. ಕೇರೀಲಿ ನಿಮಗೆ ಆಗದವರು ಜಾಸ್ತಿಯೋ?" ಎಂದ. ಕರಿಯಣ್ಣ, "ಹಂಗೇನಿಲ್ಲ" ಎಂದ. ತನ್ನ ಅಪ್ಪ ಹದಿನಾಲ್ಕು ವರ್ಷ ಕೇರಿಯ ಮೇಲೆ ಹೊರಿಸಿದ್ದ ಮಾತು ಸುತ್ತಿ ಬಳಸಿ ಬೀಗರ ಬಾಯಿಂದ ಬಂದಿತ್ತು.

ಮೊದಲ ಪಂಕ್ತಿಗೆ ಬೀಗರನ್ನು ಕೂರಿಸಿದರು. ಸಾಲಿನ ತುದಿಯಲ್ಲಿ ಒಂದು ಎಲೆಯ ಮುಂದೆ ಓಬಮ್ಮ ಬಂದು ಕೂತಳು. ಹೆಣ್ಣಿನ ಕಡೆಯವರು ಮೊದಲ ಪಂಕ್ತಿಗೆ ಕೂರುವುದಿಲ್ಲ. ಅದರಲ್ಲೂ ಓಬಮ್ಮ ಯಾರ ಮದುವೆಯಲ್ಲೂ ಕೊನೆಯವರು ಉಂಡೆದ್ದ ಮೇಲೆ, ಮೂಲೆಯಲ್ಲಿ, ಉಳಿದರೆ ಉಣ್ಣುವವಳು. ತಿಪ್ಪೇಶ ಕರಿಯಣ್ಣನ ಮುಖ ನೋಡಿದ. ಕರಿಯಣ್ಣ ಅವನ ಕೈಯಿಂದ ಅನ್ನದ ಬಕೆಟ್ಟು ತಗೊಂಡ. ಅಕ್ಕನ ಎಲೆಗೆ ಒಂದು ಸೌಟು ಹಾಕಿದ. ಅವಳು ಸಾಕು ಅನ್ನಲಿಲ್ಲ. ಇನ್ನೊಂದು ಹಾಕಿದ. ಎಲೆ ಮೇಲೆ ಕೈ ಅಡ್ಡ ಹಿಡಿಯಲಿಲ್ಲ. "ಇನ್ನೂ ಹಾಕ್ಲಾ ಅಕ್ಕ?" "ಹಾಕು." ಮೂರನೆಯದನ್ನೂ ಹಾಕಿದ. ಅವಳು ಅನ್ನಕ್ಕೆ ಸಾರಿನ ಗುಳಿ ಮಾಡುತ್ತ, ಬಗ್ಗಿದ ಇವನ ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದಳು: "ಅವತ್ತು ನಂಗೂ ಅನ್ನ ಇರಲಿಲ್ಲ ಕಣೋ. ಮದುವಣಗಿತ್ತಿ ಉಂಡ್ಲಾ ಅಂತ ಯಾರೂ ಕೇಳ್ಲಿಲ್ಲ. ಗಾಡೀಲಿ ಹಿರೇನಲ್ಲೂರು ತನ್ಕ ನೀರು ಕುಡ್ಕೊಂಡು ಹೋದೆ." ಕರಿಯಣ್ಣನ ಕೈಯ ಸೌಟು ಬಕೆಟ್ಟಿನಲ್ಲೇ ನಿಂತಿತು. "ಒಲೆ ಹಚ್ಚಬೇಡಿ ಅಂತ ಕರೆದಿದ್ದು ನೀನೇ ಅಂತ ಮೊದಲ್ನೇ ಮನೆ ಮುದುಕಿ ನಂಗೆ ಅವತ್ತೇ ಹೇಳಿದ್ಲು. ಏನು ಚೆಂದಾಗಿ ಕರೆದ ನಿನ್ನ ತಮ್ಮ ಅಂತ." "ಅಪ್ಪಂಗೆ ಯಾಕೆ ಹೇಳ್ಲಿಲ್ಲ?" "ಹೇಳಿದ್ರೆ ನಿನ್ನ ಚರ್ಮ ಸುಲೀತಿದ್ದ. ಹೋಗು, ಬೀಗರು ಕಾಯ್ತಾವ್ರೆ." ಅವನು ಮುಂದಿನ ಎಲೆಗೆ ಹೋದ. ಬಕೆಟ್ಟಿನಲ್ಲಿ ಅನ್ನ ಕಂಠದವರೆಗೂ ಇತ್ತು. ತಿರುಗಿ ನೋಡುವ ಧೈರ್ಯ ಬಂದಾಗ ಓಬಮ್ಮ ಸಾಲಿನ ತುದಿಯಲ್ಲಿ, ಯಾರನ್ನೂ ನೋಡದೆ, ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ಉಣ್ಣುತ್ತಿದ್ದಳು. ಪಂಕ್ತಿ ಎದ್ದ ಮೇಲೂ ಉಣ್ಣುತ್ತಿದ್ದಳು.

ಐದು ಗಂಟೆಗೆ ಬೀಗರ ವ್ಯಾನು ಹೊರಟಿತು. ಹತ್ತುವ ಮುಂಚೆ ಭೂಮಿಕಾ ಅಪ್ಪನ ಕೈ ಹಿಡಿದು, "ನೀನು ಕರೆದು ಬಂದಿದ್ದಕ್ಕೆ ಎಲ್ಲಾ ಸರಿಹೋಯ್ತು ನೋಡಪ್ಪ. ಒಂದೆಲೆನೂ ಕಮ್ಮಿ ಬೀಳ್ಲಿಲ್ಲ," ಎಂದಳು. ಸೀರೆಗಳನ್ನು ಅವರವರ ಮನೆಗೆ ಮಡಿಕೆ ಕೆಡದಂತೆ ಮುಟ್ಟಿಸಬೇಕೆಂದೂ, ದುರುಗಮ್ಮನದನ್ನು ಬಿಸಿಲಿಗೆ ಹಾಕಬಾರದೆಂದೂ ಹೇಳಿದಳು. ಅವನು ಎಲ್ಲಕ್ಕೂ ಹ್ಞೂಂ ಎಂದ. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ತಿಪ್ಪೇಶ ಬಂದು, ಮೂವತ್ತು ಎಲೆಯಷ್ಟು ಅನ್ನ ಸಾರು ಉಳಿದಿದೆ, ಏನು ಮಾಡೋಣ ಎಂದು ಕೇಳಿದ. ಕರಿಯಣ್ಣ ಒಂದು ಹೆಗಲ ಮೇಲೆ ಮಡಚಿದ ಸೀರೆ ಹಾಕಿಕೊಂಡು, ಕೈಯಲ್ಲಿ ಅನ್ನದ ಬಕೆಟ್ಟು ಹಿಡಿದು, ಸಾರಿನ ಬಕೆಟ್ಟು ತಿಪ್ಪೇಶನಿಗೆ ಕೊಟ್ಟು, ಐದು ದಿನದಲ್ಲಿ ಮೂರನೇ ಸಲ ಕೇರಿಯ ಮನೆ ಮನೆಗೆ ಹೊರಟ. ಒಂದು ಮನೆಯಲ್ಲಿ ಸೀರೆ ತಗೊಂಡು, "ಅನ್ನ ನಮ್ಮನೇಲೂ ಮಾಡಿದ್ವಲ್ಲ, ಎಲ್ಲಿ ಹಾಕ್ಕೊಳ್ಳಾನ" ಎಂದರು. ಇನ್ನೊಂದರಲ್ಲಿ ಪಾತ್ರೆ ತಂದರು, ಮಾತಾಡಲಿಲ್ಲ. ಕ್ಷಮಿಸಿ ಎಂಬ ಮಾತು ಅವರ ಬೀದಿಯಲ್ಲಿ ಯಾರೂ ಆಡುವಂಥದ್ದಲ್ಲ. ಅವನು ಪ್ರತಿ ಬಾಗಿಲಲ್ಲೂ ಸೀರೆ ಚಾಚಿದ, ಆಮೇಲೆ ಸೌಟು ಎತ್ತಿ ನಿಂತ. ಬೇಡ ಅಂದಲ್ಲಿ ಇಳಿಸಿದ. ಕೋಮಲಾಳ ಮನೆಯಲ್ಲಿ ಅವಳ ಅತ್ತೆ ಆ ತಗ್ಗು ಬಿದ್ದ ಪಾತ್ರೆ ತಂದು ಹಿಡಿದಳು. ಅವನು ಅದಕ್ಕೆ ಎರಡು ಸಲ ಬಡಿಸಿದ.

ದುರುಗಮ್ಮ ಹೊಸ್ತಿಲ ಮೇಲೇ ಕೂತಿದ್ದಳು. ಸೀರೆಯನ್ನು ಮೂಗಿಗೆ ಹಿಡಿದು ಮೂಸಿದಳು. "ಚೆಂಡು ಹೂವಿನ ವಾಸನೆ. ಹೆಂಗಿತ್ತು ಮದುವೆ?" "ಚೆಂದಾಗಿತ್ತು ದುರುಗಕ್ಕ." "ಬಕೀಟಲ್ಲೇನು?" "ಅನ್ನ." ಅವಳು ಒಳಗೆ ಕೂಗಿ ದೊಡ್ಡ ಪಾತ್ರೆಯನ್ನೇ ತರಿಸಿದಳು. ಸೊಸೆ, ಇಷ್ಟೊಂದು ಯಾರಿಗೆ ಅತ್ತೆ ಎಂದಳು. "ಸುರಿ ಕರಿಯಣ್ಣ, ಅಷ್ಟೂ ಸುರಿ. ನೀರು ಹಾಕಿಟ್ರೆ ಬೆಳಗ್ಗೆಗೆ ಎಲ್ಲಾರ್ಗೂ ಆಯ್ತದೆ." ಮಂಜುಗಣ್ಣಿನಲ್ಲಿ ಅವನ ಮುಖ ಎಲ್ಲಿದೆಯೆಂದು ಹುಡುಕುತ್ತ ಅಂದಳು, "ನಾಳೆ ನಮ್ಮನೇಲಿ ಒಲೆ ಹಚ್ಚಲ್ಲ ಬಿಡು."

ಓಬಮ್ಮ ಇನ್ನೊಂದು ದಿನ ಇದ್ದಳು. ಅವರಿಬ್ಬರೂ ಆ ವಿಷಯ ಮತ್ತೆ ಎತ್ತಲಿಲ್ಲ. ಬಸ್ ಸ್ಟ್ಯಾಂಡಿಗೆ ಅವಳ ಗಂಟನ್ನು ಕರಿಯಣ್ಣನೇ ಹಿಡಿದುಕೊಂಡು ಹೋದ. ಕಡೂರಿನ ಬಸ್ಸು ಬಂತು. ಕಿಟಕಿ ಪಕ್ಕ ಕೂತು, ಸೆರಗು ಸರಿಮಾಡಿಕೊಂಡು ಅವಳು ಹೇಳಿದಳು: "ಬರೋ ವರ್ಷ ನನ್ನ ಮೊಮ್ಮಗಳದು ಐತೆ. ಬಂದು ಉಂಡ್ಕಂಡು ಹೋಗು. ಕರೆಯೋಕೆ ಮಾತ್ರ ನೀನು ಹೋಗ್ಬೇಡ." ಕರಿಯಣ್ಣ ಆಗಲಿ ಎಂದ. ಬಸ್ಸು ಹೊರಟಿತು. ಭೂಮಿಕಾ ಹೋಗಿದ್ದು ಭಾನುವಾರ ಸಂಜೆ. ಓಬಮ್ಮ ಹೋಗಿದ್ದು ಮಂಗಳವಾರ. ಇನ್ನು ಆ ಮನೆಗೆ ಅವನೊಬ್ಬನೇ.